ಹೆಸರಿನ ಜಾಗಕ್ಕೆ ಸ್ಟಾರ್

ಗಂಡ ಸತ್ತು ಐದು ತಿಂಗಳಾದ ಮೇಲೆ ಮಾಳಮ್ಮ ಮೊದಲ ಸಲ ಅವನ ಕುರ್ಚಿಯಲ್ಲಿ ಕೂತಳು. ಕೂತ ಕೂಡಲೇ ಮಷೀನು ಅವನ ಹೆಸರು ಕೇಳಿತು.

ಕುರ್ಚಿ ಇದ್ದದ್ದು ಜಹೀರಾಬಾದಿನಲ್ಲಿ, ಹಿಂಡಿ ಬೂಸಾ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ. ಅದು ಕುರಿ ಸಂಘದ ಕೋಣೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಈ ಮೂರು ಕಡೆಯ ಕುರಿಗಾರರು ಸೇರಿ ಮಾಡಿಕೊಂಡ ಸಂಘ. ಪ್ರತಿ ಕುರಿಯ ಕಿವಿಗೆ ನಂಬರಿನ ಬಿಲ್ಲೆ, ಪ್ರತಿ ನಂಬರಿಗೆ ಒಂದು ಫೋಟೊ, ಫೋಟೊಗಳೆಲ್ಲ ಆ ಕೋಣೆಯ ಮಷೀನಿನಲ್ಲಿ. ಮೇಯಲು ಹೋದ ಹಿಂಡುಗಳು ದಾರಿಯಲ್ಲಿ ಕೂಡಿಕೊಂಡು ಯಾರ ಕುರಿ ಯಾರದು ಎಂದು ಜಗಳ ಬಿದ್ದರೆ, ಫೋನು ತೆಗೆದು ಸಂಘದ ಪುಟ ತೆರೆದರಾಯಿತು. ಬಿಲ್ಲೆ ಕಿತ್ತುಹೋಗಿದ್ದರೂ ಕುರಿಯ ಮುಖದ ಮಚ್ಚೆ, ಯಜಮಾನನ ಹೆಸರು, ಸೂಜಿ ಹಾಕಿಸಿದ ತಾರೀಖು ಎಲ್ಲ ಅಲ್ಲಿರುತ್ತಿತ್ತು. ಬಡಿಗೆ ಎತ್ತಿದವರು ಬಡಿಗೆ ಇಳಿಸುತ್ತಿದ್ದರು.

ಇದನ್ನೆಲ್ಲ ಹೂಡಿದವನು ಮಾಳಮ್ಮನ ಗಂಡ ಭೀಮಶಾ. ಆತ ಕುರಿ ಕಾಯುವುದರಲ್ಲಿ ಅಷ್ಟಕ್ಕಷ್ಟೆ, ಕಂಪ್ಯೂಟರಿನಲ್ಲಿ ಮಾತ್ರ ಗಟ್ಟಿಗ. ಅದೂ ಎಲ್ಲರ ಹಾಗೆ ಚಿತ್ರ ಒತ್ತಿ ನಡೆಸುವ ಕಂಪ್ಯೂಟರ್ ಅಲ್ಲ, ಲಿನಕ್ಸ್ ಅಂತೆ. ಕರಿ ಪರದೆ, ಬಿಳಿ ಅಕ್ಷರ. ಪ್ರತಿಯೊಂದನ್ನೂ ಬರೆದೇ ಹೇಳಬೇಕು. ಹೇಳಿದ್ದು ಸರಿಯಾಗಿದ್ದರೆ ಮಷೀನು ಸುಮ್ಮನಿರುತ್ತದೆ, ತಪ್ಪಾದರೆ ಬಯ್ಯುತ್ತದೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕಟ್ಟೆಯ ಮೇಲೆ ಕೂತ ಭೀಮಶಾ ಹಾಗೇ ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ. ಅವನು ಹಚ್ಚಿಟ್ಟ ಮಷೀನು ಮಾತ್ರ ಯಾರೂ ಮುಟ್ಟದಿದ್ದರೂ ಐದು ತಿಂಗಳು ನಡೆಯಿತು. ಆಮೇಲೆ ಅದೂ ನಿಂತಿತು. ಡಿಸ್ಕು ತುಂಬಿದೆ, ಒಂದು ಸಾಸಿವೆ ಇಡಲೂ ಜಾಗವಿಲ್ಲ ಎಂದರು.

ಅವಳ ಹಳ್ಳಿ ನ್ಯಾಲ್ಕಲ್ ಊರಿನ ಹತ್ತಿರ; ಸಂಘದ ಅಧ್ಯಕ್ಷ ಕಾಶಿನಾಥ ಅಲ್ಲಿಗೆ ಬಂದು ಕೂತ.

"ನೋಡವ್ವ ಮಾಳಮ್ಮ, ಹೈದರಾಬಾದಿನ ಒಂದು ಕಂಪನಿ ಅದ. ಅವರಿಗೇ ಕೊಟ್ಟುಬಿಡ್ತೀವಿ. ಹಳೇ ಮಷೀನು ತಗದು ಒಗದುಬಿಡೋಣು."

"ನಾ ಕಲಿತೀನಿ," ಎಂದಳು ಮಾಳಮ್ಮ.

ಕಾಶಿನಾಥ ಚಹಾದ ಕಪ್ಪು ಕೆಳಗಿಟ್ಟ. "ಯಾನ್ ಕಲೀತಿ?"

"ಅದೇ. ಮಷೀನು."

ಅವಳು ಓದಿದ್ದು ಐದನೇ ಇಯತ್ತೆ. ಅದರಲ್ಲೂ ಎರಡು ವರ್ಷ ಕುರಿ ಮರಿಗಳ ಹಿಂದೆ ಕಳೆದಿತ್ತು. ಇಂಗ್ಲಿಷ್ ಅಕ್ಷರಗಳನ್ನು ಫೋನಿನಲ್ಲಿ ನೋಡಿ ಗುರುತು ಹಿಡಿಯುತ್ತಿದ್ದಳು, ಪಕ್ಕದೂರಿನವರನ್ನು ಬಸ್ಸಿನಲ್ಲಿ ಗುರುತು ಹಿಡಿದ ಹಾಗೆ. ಮಾತಾಡಿಸುವಷ್ಟು ಬಳಕೆ ಇರಲಿಲ್ಲ. ಆದರೂ ಹೇಳಿಬಿಟ್ಟಿದ್ದಳು. ಗಂಡ ಸತ್ತಾಗಿನಿಂದ ಮನೆಗೆ ಬಂದವರೆಲ್ಲ ಅವಳ ಮುಖ ನೋಡಿ ಅತ್ತು, ಉಂಡು, ಹೋಗುತ್ತಿದ್ದರು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ. ಮಷೀನು ಅಳುವುದಿಲ್ಲ, ಬಯ್ಯುತ್ತದೆ ಎಂದು ಕೇಳಿದ್ದಳು. ಅದೇ ವಾಸಿ ಅನಿಸಿತ್ತು.

ಕಾಶಿನಾಥ ದಸರೆಯವರೆಗೆ ಸಮಯ ಕೊಟ್ಟ. ಅಷ್ಟರಲ್ಲಿ ಮಷೀನು ನಡೆಸಲು ಬಂದರೆ ಕುರ್ಚಿ ಅವಳದು, ಇಲ್ಲವಾದರೆ ಕಂಪನಿಯದು.

ಕಲಿಸಲು ಒಪ್ಪಿದವಳು ಶಿಲ್ಪಾರಾಣಿ. ನಾರಾಯಣಖೇಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡ ನಲವತ್ತರ ಹೆಂಗಸು. ಆ ಕಡೆಯ ಕುರಿಗಳ ಫೋಟೊ ಏರಿಸುವ ಕೆಲಸ ಅವಳದು, ಕಲಿತದ್ದು ಭೀಮಶಾನಿಂದ. ಮಂಗಳವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದಳು. ಮೊದಲ ದಿನ ಮಷೀನು ಹೆಸರು ಕೇಳಿದಾಗ ಅವಳೇ ಪಕ್ಕದಲ್ಲಿದ್ದಳು.

"ಅಕ್ಕಾ, ಅಲ್ಲಿ ಅಣ್ಣಾರ ಹೆಸರು ಹೊಡೀರಿ."

"ನೀ ಹೊಡಿ."

"ಕಲಿಯೋರು ನೀವ ಹೌದಿಲ್ಲ?"

"ಮುಂದಿಂದು ಎಲ್ಲಾ ನಾ ಹೊಡಿತೀನಿ. ಅದೊಂದು ನೀ ಹೊಡಿ."

ಶಿಲ್ಪಾರಾಣಿಗೆ ಅರ್ಥವಾಯಿತು. ನಕ್ಕಳು. "ಬಾಯಿಲೆ ಅನ್ನಬ್ಯಾಡ್ರಿ, ಬೆರಳಿಲೆ ಹೊಡೀರಿ. ಬೆರಳಿಗೇನು ನಾಲಿಗಿ ಅದಾ?"

"ನಾಲಿಗಿ ಇಲ್ಲ. ನಾಚಿಕಿ ಅದ."

ಇಪ್ಪತ್ತಾರು ವರ್ಷ ಮಾಳಮ್ಮ ಗಂಡನ ಹೆಸರು ಹೇಳಿದವಳಲ್ಲ. ಮಗಳು ಹುಟ್ಟುವವರೆಗೆ "ಇವರು", ಹುಟ್ಟಿದ ಮೇಲೆ "ಲಾವಣ್ಯನ ಅಪ್ಪ". ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಕಾರ್ಡು ಮುಂದೆ ತಳ್ಳುತ್ತಿದ್ದಳು. ದವಾಖಾನೆಯಲ್ಲಿ ಪಕ್ಕದವರ ಕಡೆ ನೋಡುತ್ತಿದ್ದಳು. ಮರಣದ ಸರ್ಟಿಫಿಕೇಟಿನ ಫಾರ್ಮು ಕೂಡ ಮೈದುನ ತುಂಬಿದ್ದ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಈಗ ಕಡಿಮೆಯಾಗಲು ಏನು ಉಳಿದಿದೆ ಎಂದು ಮಾಳಮ್ಮನೇ ತನ್ನನ್ನು ಕೇಳಿಕೊಂಡಳು. ಬೆರಳು ಮಾತ್ರ ಮುಂದೆ ಹೋಗಲಿಲ್ಲ.

ಶಿಲ್ಪಾರಾಣಿಯೇ ಹೆಸರನ್ನೂ, ಭೀಮಶಾ ಅವಳಿಗೆ ಹೇಳಿಟ್ಟಿದ್ದ ಗುಪ್ತ ಪದವನ್ನೂ ಹೊಡೆದು ಒಳಗೆ ಹೋದಳು. ಒಳಗೆ "ನಾನು ಯಾರು" ಎಂದು ಕೇಳುವ ಒಂದು ಹುಕುಂ ಇತ್ತು. ಮಾಳಮ್ಮ ಒಂದೊಂದೇ ಅಕ್ಷರ ಹುಡುಕಿ ಕೇಳಿದಳು. ಮಷೀನು ಅವಳ ಗಂಡನ ಹೆಸರು ಹೇಳಿತು.

"ಇದೂ ಊರ ಮಂದೀ ಹಂಗೇ ಅದ," ಎಂದಳು ಮಾಳಮ್ಮ. "ನಾ ಯಾರು ಅಂದ್ರ ಅವರ ಹೆಸರು ಹೇಳ್ತದ."

ಆ ಹೊತ್ತೇ ಅವಳ ಹೆಸರಿನಲ್ಲಿ ಬೇರೆ ಖಾತೆ ತೆರೆದಾಯಿತು. ಈಗ ಮಷೀನು ಹೆಸರು ಕೇಳಿದರೆ ಮಾಳಮ್ಮ ಎಂದು ಬರೆದರೆ ಸಾಕು. ಇಂಥವರ ಹೆಂಡತಿ, ಇಂಥವರ ಸೊಸೆ ಎಂಬುದೇನೂ ಬೇಡ. ಅವಳ ಖುಷಿ ಐದು ನಿಮಿಷ ಇತ್ತು. ಗಂಡನ ಕಡತಗಳನ್ನು ತೆರೆಯಹೋದಳು. ನಿನಗೆ ಅಧಿಕಾರವಿಲ್ಲ ಎಂದಿತು ಮಷೀನು. ಇಪ್ಪತ್ತಾರು ವರ್ಷ ಅವನ ಬನಿಯನ್ ಒಗೆದವಳಿಗೆ.

ಗುಪ್ತ ಪದ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೀಬೋರ್ಡು ಕೆಟ್ಟಿದೆ ಎಂದುಕೊಂಡು, ಬೋರಲು ಹಾಕಿ, ಜೋಳ ಕೇರಿದ ಹಾಗೆ ಝಾಡಿಸಿದಳು. ಒಳಗಿನಿಂದ ಹುರಿದ ಶೇಂಗಾದ ಸಿಪ್ಪೆ ಉದುರಿತು. ಭೀಮಶಾ ಕೆಲಸ ಮಾಡುತ್ತ ಶೇಂಗಾ ತಿನ್ನುತ್ತಿದ್ದ. ಮಾಳಮ್ಮ ಆ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಮನೆಗೆ ಹೋಗುವ ಆಟೋದಲ್ಲಿ, ಶೇಂಗಾದ ಸಿಪ್ಪೆ ಕಟ್ಟಿಕೊಂಡು ಹೊರಟ ಹೆಂಗಸನ್ನು ಕಂಡರೆ ತಾನೇ ನಗುತ್ತಿದ್ದೆ ಎನಿಸಿ ಹೊರಗೆ ಚೆಲ್ಲಿದಳು. ಚೆಲ್ಲಿದ ಮೇಲೆ ಅತ್ತಳು. ಆಟೋದಲ್ಲಿ ಹನ್ನೊಂದು ಜನರಿದ್ದರು. ಯಾರೂ ಏನೂ ಕೇಳಲಿಲ್ಲ, ಜಾಗ ಮಾಡಿಕೊಟ್ಟರು.

ಕಲಿಕೆ ಹೀಗೇ ನಡೆಯಿತು. ಖಾಲಿ ಜಾಗ ಬಿಡದೆ ಹೊಡೆದು ಬೈಸಿಕೊಂಡಳು, ಜಾಸ್ತಿ ಬಿಟ್ಟು ಬೈಸಿಕೊಂಡಳು. ರೂಟ್ ಎಂಬವನೊಬ್ಬ ಇದ್ದಾನೆ, ಮಷೀನಿಗೆಲ್ಲ ಅವನೇ ಮಾಲೀಕ, ಅವನ ಹೆಸರಿನಲ್ಲಿ ಹೇಳಿದರೆ ಮಷೀನು ಏನನ್ನೂ ಕೇಳದೆ ಮಾಡುತ್ತದೆ ಎಂದು ಕಲಿತಳು. ಶಿಲ್ಪಾರಾಣಿಯ ಜೊತೆ ಕೂತು ಸ್ವಲ್ಪ ಕಸ ಅಳಿಸಿದಳು. ನಿಂತುಹೋಗಿದ್ದ ವೆಬ್ ಸರ್ವರನ್ನು, ಅಂದರೆ ಸಂಘದ ಪುಟವನ್ನು ಜನರ ಫೋನಿಗೆ ಕಳಿಸುವ ಕಾರಕೂನನನ್ನು, ಮತ್ತೆ ಎಬ್ಬಿಸಿದಳು. ಪುಟ ತೆರೆಯಿತು. ಮೊದಲು ಕಂಡದ್ದು ಒಂದು ಟಗರಿನ ಮುಖ. ಅಷ್ಟು ಚೆಂದದ ಮುಖವನ್ನು ಐದು ತಿಂಗಳಿಂದ ಕಂಡಿರಲಿಲ್ಲ ಎಂದು ಅವಳಿಗೆ ಅನಿಸಿತು.

ಮರುದಿನದಿಂದ ಫೋನುಗಳು ಬರತೊಡಗಿದವು. ಅವನ ಕುರಿ ಕಾಣುತ್ತಿಲ್ಲ, ಇವನ ಸೂಜಿಯ ತಾರೀಖು ತಪ್ಪಿದೆ. ಯಾರೂ ಅಳಲಿಲ್ಲ. ಎಲ್ಲರೂ ಬೈದರು. ಮಾಳಮ್ಮನಿಗೆ ಮತ್ತೆ ಹಸಿವಾಗತೊಡಗಿತು.

ಡಿಸ್ಕು ಮಾತ್ರ ವಾರಕ್ಕೊಮ್ಮೆ ತುಂಬುತ್ತಿತ್ತು. ಕಾರಣ ಸುಲಭ. ಜಹೀರಾಬಾದಿನ ಕಡೆಯ ಫೋಟೊಗಳು ಮೊದಲು ಭೀಮಶಾನ ಖಾತೆಗೆ ಬಂದು, ಅಲ್ಲಿಂದ ಸಂಘದ ಪುಟಕ್ಕೆ ನಕಲಾಗುತ್ತಿದ್ದವು. ನಕಲಾದ ಮೇಲೆ ಹಳೆಯವನ್ನು ಅಳಿಸಬೇಕು. ಭೀಮಶಾ ತಿಂಗಳಿಗೊಮ್ಮೆ ಕೈಯಿಂದ ಅಳಿಸುತ್ತಿದ್ದ. ಈಗ ಅಳಿಸುವವರಿಲ್ಲ. ಇದಕ್ಕೊಂದು ಸ್ಕ್ರಿಪ್ಟ್ ಬರೆದಿಡಬೇಕು ಎಂದಿದ್ದಳು ಶಿಲ್ಪಾರಾಣಿ. ಸ್ಕ್ರಿಪ್ಟ್ ಎಂದರೆ ಆಳಿಗೆ ಬರೆದುಕೊಟ್ಟ ಚೀಟಿ. ದಿನಾ ಬೆಳಿಗ್ಗೆ ಇಷ್ಟು ಹೊತ್ತಿಗೆ ಎದ್ದು ಇಂಥ ಕೆಲಸ ಮಾಡು ಎಂದು ಒಮ್ಮೆ ಬರೆದಿಟ್ಟರೆ ಮಷೀನು ದಿನಾ ಮಾಡುತ್ತದೆ. ಮುಂದಿನ ಮಂಗಳವಾರ ಕೂತು ಬರೆಯೋಣ ಎಂದಿದ್ದಳು.

ಮಾಳಮ್ಮ ಮಂಗಳವಾರಕ್ಕೆ ಕಾಯಲಿಲ್ಲ. ತಾನೇ ಬರೆದು ತೋರಿಸಬೇಕೆಂಬ ಹುಕಿ. ದಸರೆಗೆ ಇಪ್ಪತ್ತು ದಿನ ಉಳಿದಿತ್ತು.

ಚೀಟಿ ಒಂದೇ ಸಾಲಿನದು. ಮಷೀನಿನಲ್ಲಿ ಹೋಮ್ ಎಂಬ ಓಣಿ ಇದೆ. ಓಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ, ಬಾಗಿಲ ಮೇಲೆ ಯಜಮಾನನ ಹೆಸರು. ಪ್ರತಿ ಮನೆಯಲ್ಲಿ ಫೋಟೊ ಎಂಬ ಕೋಣೆ. ಹೋಮ್ ಓಣಿಗೆ ಹೋಗು, ಇಂಥವರ ಮನೆ ಹೊಗು, ಫೋಟೊ ಕೋಣೆಯಲ್ಲಿ ಮೂವತ್ತು ದಿನಕ್ಕಿಂತ ಹಳೆಯದು ಏನಿದೆಯೋ ಅಳಿಸು. ಇಷ್ಟೇ. ಓಣಿ ಬರೆದಳು. ಮುಂದೆ ಮನೆಯ ಹೆಸರು ಬರೆಯಬೇಕಿತ್ತು. ಅಲ್ಲಿ ಬೆರಳು ನಿಂತಿತು.

ಅವಳಿಗೆ ಸ್ಟಾರ್ ನೆನಪಾಯಿತು. ಫೋನಿನಲ್ಲಿರುವ ಅದೇ ಆರು ಕಾಲಿನ ಗುರುತು. "ಹೆಸರು ಗೊತ್ತಿಲ್ದಾಗ ಸ್ಟಾರ್ ಹಚ್ಚರಿ ಅಕ್ಕಾ, ತಾನೇ ಹುಡುಕ್ಕೋತದ," ಎಂದು ಶಿಲ್ಪಾರಾಣಿ ಕಲಿಸಿದ್ದಳು. ಹೆಸರು ಮಾಳಮ್ಮನಿಗೆ ಗೊತ್ತಿತ್ತು. ಬರೆಯಲಾಗದು, ಅಷ್ಟೆ. ಹೆಸರಿನ ಜಾಗಕ್ಕೆ ಸ್ಟಾರ್ ಇಟ್ಟಳು. ಎಷ್ಟು ಮರ್ಯಾದಸ್ಥ ಚಿಹ್ನೆ ಎಂದುಕೊಂಡಳು. ಇದನ್ನು ಮಾಡಿದವನ ಹೆಂಡತಿಯೂ ಗಂಡನ ಹೆಸರು ಹೇಳುತ್ತಿರಲಿಕ್ಕಿಲ್ಲ. ಗಂಡನ ಕಡತ ಮುಟ್ಟಲು ಅವಳಿಗೆ ಅಧಿಕಾರವಿರಲಿಲ್ಲವಲ್ಲ, ಅದಕ್ಕೆ ಚೀಟಿಯನ್ನು ರೂಟಿನ ಹೆಸರಿನಲ್ಲಿ ಇಟ್ಟಳು. ಖುಷಿಗೆ ಕೆಳಗಿನ ಅಂಗಡಿಯವನಿಗೆ ಸಕ್ಕರೆ ಕೊಟ್ಟು ಮನೆಗೆ ಹೋದಳು.

ಸ್ಟಾರ್ ಎಂದರೆ ಓಣಿಯ ಎಲ್ಲ ಮನೆಯೂ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಲೆಕ್ಕದಲ್ಲಿ ಆ ಓಣಿಯಲ್ಲಿ ಇದ್ದದ್ದು ಒಂದೇ ಮನೆ.

ಎರಡು ದಿನದ ಮೇಲೆ ಪೆದ್ದೆಮುಲ್‌ನಿಂದ ನರಸಿಂಹುಲು ಫೋನು ಮಾಡಿದ. ತಾಂಡೂರು ಕಡೆಯ ಕುರಿಗಳ ಫೋಟೊ ತೆಗೆಯುವವನು ಅವನು. ತೆಲುಗು ಮನೆಮಾತು, ಅವಳನ್ನು ಅತ್ತಿಗೆ ಎನ್ನುವ ಅರ್ಥದಲ್ಲಿ ವದಿನಮ್ಮ ಎನ್ನುತ್ತಿದ್ದ.

"ವದಿನಮ್ಮಾ, ನನ್ನ ಕುರಿ ಎಲ್ಲಾ ಹೋದ್ವು."

"ಯಾನ್ ರೋಗ ಬಂತೋ ಯಪ್ಪಾ?"

"ರೋಗ ಅಲ್ಲಮ್ಮಾ, ಪುಟದಾಗಿಂದ ಹೋದ್ವು! ಬೊಮ್ರಾಸಪೇಟಿ ಹೊಲದಾಗ ಎರಡು ಹಿಂಡು ಕೂಡ್ಯಾವ. ಒಂದು ಹಿಂಡಿನ ಯಜಮಾನ ಪೋಚಪ್ಪ ಬಡಿಗಿ ಹಿಡಕೊಂಡು ನಿಂತಾನ. ಫೋನು ತೆರದ್ರ ನಾನೂರ ಹನ್ನೆರಡು ಕುರಿ ಇದ್ದ ಜಾಗದಾಗ ಒಂಬತ್ತು ಅವ!"

ಆ ಒಂಬತ್ತು ಮೂವತ್ತು ದಿನದೊಳಗಿನವು.

ಮಾಳಮ್ಮ ಮಷೀನಿನ ಮುಂದೆ ಕೂತು ನೋಡಿದಳು. ಚೀಟಿ ಅವಳ ಖಾಲಿ ಮನೆ ಬಿಟ್ಟು ಓಣಿಯ ಇನ್ನುಳಿದ ಮೂರು ಮನೆಯನ್ನೂ ಗುಡಿಸಿತ್ತು. ಜಹೀರಾಬಾದಿನವು ಪುಟಕ್ಕೆ ನಕಲಾಗಿದ್ದರಿಂದ ಬಚಾವಾದವು. ಶಿಲ್ಪಾರಾಣಿಯ ಫೋಟೊಗಳ ಪ್ರತಿ ಅವಳ ಅಂಗಡಿಯಲ್ಲಿತ್ತು. ಸಂಜೆಯೊಳಗೆ ಮತ್ತೆ ಏರಿಸಿ, ಫೋನಿನಲ್ಲಿ ಬೈದು ಮುಗಿಸಿದಳು. ನರಸಿಂಹುಲುವಿನದು ಹಾಗಲ್ಲ. ಅವನ ಫೋಟೊಗಳನ್ನು ಪುಟ ನೇರವಾಗಿ ಅವನ ಮನೆಯಿಂದಲೇ ಎತ್ತಿ ತೋರಿಸುತ್ತಿತ್ತು. ಬೇರೆ ಪ್ರತಿ ಇರಲಿಲ್ಲ. ಫೋನು ತುಂಬಿತೆಂದು ಅಲ್ಲಿಂದಲೂ ತೆಗೆದಿದ್ದ. ಎರಡು ವರ್ಷದ ಕೆಲಸ. ಲಿನಕ್ಸಿನಲ್ಲಿ ಹೀಗೆ ಬರೆದು ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕೂರುವುದಿಲ್ಲ. ಹೋದದ್ದು ಹೋಯಿತು.

ಅದೇ ದಿನ ಕಾಶಿನಾಥ ಫೋನು ಮಾಡಿದ. "ಭೀಮಶಾಂದು ಕೆಲಸಾನೇ ಹಿಂಗ ನೋಡವ್ವ. ಯಾನೋ ಹಚ್ಚಿ ಇಟ್ಟು ಹೋಗ್ಯಾನ, ಈಗ ಸಿಡದದ. ನಿಂದೇನು ತಪ್ಪದ ಬಿಡು."

ಮಾಳಮ್ಮ "ಹ್ಞೂಂ" ಎಂದಳು.

ಒಂದೇ ಒಂದು ಹ್ಞೂಂ. ಫೋನು ಇಟ್ಟು ಲೆಕ್ಕ ಹಾಕಿದಳು. ದಸರೆ ಹತ್ತಿರ ಬಂದಿದೆ, ಒಪ್ಪಿಕೊಂಡರೆ ಕುರ್ಚಿ ಹೋಗುತ್ತದೆ. ಸತ್ತವನಿಗೆ ಕುರ್ಚಿ ಬೇಡ, ಬೈಗುಳ ತಾಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಮೂರು ದಿನ ಲೆಕ್ಕ ಸರಿಯಾಗಿಯೇ ಇತ್ತು, ಊಟ ಮಾತ್ರ ಸೇರಲಿಲ್ಲ. ಗಂಡನ ಹೆಸರನ್ನು ಬೆರಳಿನಿಂದ ಮುಟ್ಟಲೂ ನಾಚಿದ ಪತಿವ್ರತೆ, ಅದೇ ಹೆಸರನ್ನು ಊರ ಕಾಲಿಗೆ ಹಾಕಿ ಹ್ಞೂಂ ಅಂದಿದ್ದಳು. ಎಂಥ ಮರ್ಯಾದೆಯವಳು ನೀನು ಎಂದು ಪಾತ್ರೆ ತಿಕ್ಕುತ್ತ ತನ್ನನ್ನೇ ಕೇಳಿಕೊಂಡಳು. ಪಾತ್ರೆ ಬೆಳ್ಳಗಾಯಿತು.

ಭಾನುವಾರ ಸಂಘದ ಸಭೆ. ಹದಿನೈದು ಜನ ಕೋಣೆಯಲ್ಲಿ ಒತ್ತಿಕೊಂಡು ಕೂತಿದ್ದರು. ನರಸಿಂಹುಲು ಪೆದ್ದೆಮುಲ್‌ನಿಂದ ಮುಖ ಉಬ್ಬಿಸಿಕೊಂಡು ಬಂದಿದ್ದ. ಹಿರಿಯ ಅಂಜಪ್ಪ ಠರಾವಿನ ಪುಸ್ತಕ ಬಿಚ್ಚಿ ಪೆನ್ನು ಹಿಡಿದಿದ್ದ. ಕಾಶಿನಾಥ ಹೇಳಿ ಬರೆಸತೊಡಗಿದ.

"ಬರೀರಿ. ಮೃತ ಭೀಮಶಾ ಇವರ ಬೇಜವಾಬ್ದಾರಿ ಕೆಲಸದಿಂದಾಗಿ..."

"ಅದು ಬರೀಬ್ಯಾಡ್ರಿ," ಎಂದಳು ಮಾಳಮ್ಮ. "ಅಳಿಸಿದಾಕಿ ನಾ."

ಅಂಜಪ್ಪನ ಪೆನ್ನು ನಿಂತಿತು.

"ಅವರು ಯಾನೂ ಹಚ್ಚಿಟ್ಟು ಹೋಗಿಲ್ರಿ. ಚೀಟಿ ನಾ ಬರದೀನಿ. ಅಣ್ಣಾ, ನೀವು ಫೋನು ಮಾಡಿದಾಗ ಹ್ಞೂಂ ಅಂದೆ. ಅದು ಸುಳ್ಳು ಹ್ಞೂಂ."

"ಬರದ್ರ ಎಲ್ಲಾರ್ದೂ ಹ್ಯಾಂಗ ಹೋತು?" ಎಂದ ಕಾಶಿನಾಥ. "ಭೀಮಶಾಂದು ಒಂದೇ ಅಳಿಸಬೇಕಿತ್ತು ಅಲ್ಲ?"

"ಹೆಸರು ಬರೀಬೇಕಿತ್ತು. ಬರೀಲಿಲ್ಲ. ಸ್ಟಾರ್ ಹಚ್ಚಿದೆ."

"ಯಾಕ್?"

ಮೂಲೆಯಲ್ಲಿ ಕೂತಿದ್ದ ಚಂದ್ರಾಬಾಯಿ, ಸಂಘದಲ್ಲಿದ್ದ ಇನ್ನೊಬ್ಬಳೇ ಹೆಂಗಸು, ತಡೆಯಲಾರದೆ ಹೇಳಿದಳು. "ಯಾಕ್ ಅಂತ ಕೇಳ್ತೀರಲ್ಲಾ, ಗಂಡಸ್ರು! ಗಂಡನ ಹೆಸರು ಹ್ಯಾಂಗ ಬರೀಬೇಕು ಆಕಿ?"

ಅಂಜಪ್ಪ ನಕ್ಕ. ಹಲ್ಲಿಲ್ಲದ ಬಾಯಿ, ನಗು ಗಾಳಿಯಾಗಿ ಬಂತು. "ನನ್ನ ಹೆಂಡ್ತಿ ನಲವತ್ತು ವರ್ಷ ನನ್ನ ಹೆಸರು ಅಂದಿಲ್ಲ ಅಂತ ಮೀಸಿ ತಿರುವ್ತಿದ್ದೆ. ಇವತ್ತು ಹೋಗಿ ಹೇಳ್ತೀನಿ, ದಿನಾ ಹತ್ತು ಸಲ ಕೂಗು ಅಂತ. ಇಲ್ಲಂದ್ರ ಕುರಿ ಹೋಗ್ತಾವ."

ಎಲ್ಲರೂ ನಕ್ಕರು. ನರಸಿಂಹುಲು ನಗಲಿಲ್ಲ.

"ನಗ್ರಿ, ನಗ್ರಿ. ನಾನೂರು ಕುರಿ ಕಿವಿ ಹಿಡದವ ನಾನು."

ಕಾಶಿನಾಥ ಗಂಟಲು ಸರಿಮಾಡಿಕೊಂಡ. ಕಂಪನಿಗೆ ಕೊಡುವುದೇ ಸರಿ ಎಂದ. ಎಲ್ಲರ ಎದುರಿಗೇ ಹೈದರಾಬಾದಿಗೆ ಫೋನು ಹಚ್ಚಿ, ಧ್ವನಿ ದೊಡ್ಡದು ಮಾಡಿ, ಹೋದ ಫೋಟೊಗಳನ್ನು ಮತ್ತೆ ತೆಗೆದು ಕೊಡುತ್ತೀರೇನು ಎಂದು ಕೇಳಿದ. ಆ ಕಡೆಯ ಹುಡುಗಿ ಬಹಳ ಮೃದುವಾಗಿ ತೆಲುಗಿನಲ್ಲಿ ಉತ್ತರಿಸಿದಳು. ಮಷೀನಿನದು ನಮ್ಮ ಜವಾಬ್ದಾರಿ ಸಾರ್, ಫೋಟೊ ನಿಮ್ಮ ಜವಾಬ್ದಾರಿ.

"ಅಂದ್ರ ಕುರಿ ನಾವೇ ಹಿಡೀಬೇಕಂತ," ಎಂದ ನರಸಿಂಹುಲು.

"ಹಂಗೇ ಅಂದಳು."

ನರಸಿಂಹುಲು ಮಾಳಮ್ಮನ ಕಡೆ ನೋಡಿದ. ನೋಟದಲ್ಲಿ ದಯೆ ಏನೂ ಇರಲಿಲ್ಲ. "ಹಂಗಿದ್ರ ಈಕಿನೇ ಇರ್ಲಿ. ಕೆಡಿಸಿದಾಕಿ ನನ್ನ ಕೂಡ ಬಂದು ಹಿಡೀತಾಳ. ಕೆಡಿಸದವರು ಯಾಕ್ ಬರ್ತಾರ?"

ಹೀಗೆ ಮಾಳಮ್ಮನಿಗೆ ಕುರ್ಚಿ ಉಳಿಯಿತು. ಅವಳ ಜಾಣತನಕ್ಕಲ್ಲ, ಅವಳಷ್ಟು ತಪ್ಪು ಮಾಡಿದವರು ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ. ಠರಾವಿನಲ್ಲಿ ಎರಡು ಮಾತು ಬರೆದರು. ನಾನೂರ ಮೂರು ಫೋಟೊ ಮತ್ತೆ ತೆಗೆಯಬೇಕು. ಇನ್ನು ಮುಂದೆ ಮಾಳಮ್ಮ ಬರೆದ ಚೀಟಿಯನ್ನು ಶಿಲ್ಪಾರಾಣಿ ಓದದೆ, ಶಿಲ್ಪಾರಾಣಿ ಬರೆದದ್ದನ್ನು ಮಾಳಮ್ಮ ಓದದೆ ಮಷೀನಿಗೆ ಕೊಡಬಾರದು.

ಜನ ಇಳಿದುಹೋದ ಮೇಲೆ ಮಾಳಮ್ಮ ಚೀಟಿ ತೆರೆದಳು. ಸ್ಟಾರ್ ತೆಗೆದಳು. ಆ ಜಾಗದಲ್ಲಿ ಭೀಮಶಾ ಎಂದು ಹೊಡೆದಳು. ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಸೂರು ಕುಸಿಯಲಿಲ್ಲ. ಮಷೀನು ಸುಮ್ಮನಿತ್ತು, ಅಂದರೆ ಸರಿ ಇದೆ ಎಂದರ್ಥ. ಎಂಟು ಅಕ್ಷರಕ್ಕೆ ಹೆದರಿ ನಾನೂರ ಮೂರು ಕುರಿ ಕಳೆದವಳು ಈ ಸೀಮೆಯಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು. ಫೋನಿನಲ್ಲಿ ಸಾಲನ್ನು ಶಿಲ್ಪಾರಾಣಿಗೆ ಓದಿ ಹೇಳಿದಳು. ಹೆಸರು ಬಂದಾಗ ದನಿ ಸಣ್ಣದಾಯಿತು.

"ಕೇಳ್ಸಲಿಲ್ಲ ಅಕ್ಕಾ, ಜೋರಂಗ ಅನ್ರಿ," ಎಂದಳು ಶಿಲ್ಪಾರಾಣಿ. ಕೇಳಿಸಿತ್ತು ಅವಳಿಗೆ.

ಮಾಳಮ್ಮ ಜೋರಾಗಿ ಅಂದಳು. ಕೆಳಗೆ ಬೂಸಾ ತೂಗುತ್ತಿದ್ದವನು ಕತ್ತೆತ್ತಿ ನೋಡಿದ.

ಮರುದಿನ ತಾಂಡೂರಿನ ಬಸ್ಸು ಹತ್ತಿದಳು. ಪೆದ್ದೆಮುಲ್‌ನ ದೊಡ್ಡಿಗಳಲ್ಲಿ ಹನ್ನೊಂದು ದಿನ. ನರಸಿಂಹುಲು ಕುರಿ ಹಿಡಿಯುವುದು, ಅವಳು ಫೋಟೊ ತೆಗೆಯುವುದು. ಮೊದಲೆರಡು ದಿನ ಅವನು ನಂಬರು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಒಂದು ಟಗರು ಮಾಳಮ್ಮನನ್ನು ಹಿಂದಿನಿಂದ ಗುಮ್ಮಿ ಗೊಬ್ಬರದ ಮೇಲೆ ಕೆಡವಿತು. ನರಸಿಂಹುಲು ಅದನ್ನು ತಡೆಯಲಿಲ್ಲ. ಆಮೇಲಿಂದ ಮಾತು ಶುರುವಾಯಿತು.

ಹನ್ನೊಂದನೆಯ ದಿನ ನಾನೂರ ಮೂರೂ ಮುಗಿದವು. ಪೋಚಪ್ಪನ ಕುರಿಗಳು ಪೋಚಪ್ಪನಿಗೆ ಹೋದವು. ಮಾಳಮ್ಮ ಜಹೀರಾಬಾದಿಗೆ ಬಂದು, ಎಲ್ಲವನ್ನೂ ಪುಟಕ್ಕೆ ಏರಿಸಿ, ಈ ಸಲ ಬೇರೆ ಡಿಸ್ಕಿಗೂ ಒಂದು ಪ್ರತಿ ಹಾಕಿ, ಚಹಾ ತರಿಸಿ ಕುಡಿದಳು.

ಎರಡು ದಿನದ ಮೇಲೆ ಪೋಚಪ್ಪನೇ ಫೋನು ಮಾಡಿದ.

"ಮಾಳಮ್ಮಕ್ಕಾ, ಎರಡು ನೂರ ಹದಿನೇಳು ನಂಬರಿನ ಕುರಿ ನಂದು."

"ಹೌದು, ಕಾಣ್ಲಾಕತ್ತದಲ್ಲ?"

"ಕಾಣ್ಲಾಕತ್ತದ. ಅದರ ಉಣ್ಣಿ ಬೋಳಿಸಿದವರು ಯಾರು ಅಂತ ಕೇಳ್ಲಾಕ ಮಾಡ್ದೆ. ಉಗುರು ಬ್ಯಾರೆ ಬಂದದ."

ಮಾಳಮ್ಮ ಪುಟ ತೆರೆದು ನೋಡಿದಳು. ಎರಡು ನೂರ ಹದಿನೇಳರ ಜಾಗದಲ್ಲಿ ಪರದೆಯ ತುಂಬ ಅವಳ ಹೆಬ್ಬೆರಳು ಇತ್ತು. ಕೆಳಗೆ, ವಯಸ್ಸು ಮೂರು ವರ್ಷ, ಆರೋಗ್ಯ ಉತ್ತಮ, ಸೂಜಿ ಹಾಕಿಸಲಾಗಿದೆ ಎಂದಿತ್ತು. ಎರಡು ದಿನದಲ್ಲಿ ಅದನ್ನು ಅರವತ್ತು ಜನ ನೋಡಿದ್ದರು.

"ನಾಳಿ ಬಂದು ತಗೀತೀನಿ," ಎಂದಳು. "ಕುರಿ ಕಟ್ಟಿ ಇಡು. ಟಗರೂ ಕಟ್ಟಿ ಇಡು."